ಆರು ಮಕ್ಕಳ ತರಗತಿಗೆ ಯಾವ ಸೂತ್ರ?

ಮಾನ್ಯರೆ,

ಅಂಕ ಕ್ರೋಡೀಕರಣಕ್ಕೆಂದು ನಮ್ಮ ಶಾಲೆಗಳ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಎಕ್ಸೆಲ್ ನಮೂನೆಯಲ್ಲಿ ಮಾನಕ ವಿಚಲನೆಯದೂ ಒಂದು ಕಾಲಂ ಇದೆ. ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಅದು. ಆ ಅಂಕಿ ಚೂರು ದೊಡ್ಡದಾದರೂ ‘ನಿಮ್ಮಲ್ಲಿ ಕಲಿಕೆ ಏರುಪೇರಾಗಿದೆಯಲ್ಲ ಟೀಚರ್’ ಎಂದು ಸಭೆಯಲ್ಲಿ ಕೇಳುತ್ತಾರೆ. ಕೇಳಲಿ, ಅದಕ್ಕೆ ತಕರಾರಿಲ್ಲ. ನನ್ನ ತಕರಾರು ಆ ಕಾಲಂನಲ್ಲಿ ಕೂತಿರುವ ಎಸ್‌ಟಿಡೆವ್.ಎಸ್ ಎಂಬ ಸೂತ್ರದ ಮೇಲೆ.

ಅದು ಮಾದರಿ ಸಮೀಕ್ಷೆಗೆ ಹೇಳಿಮಾಡಿಸಿದ ಸೂತ್ರ. ಸಾವಿರ ಮನೆಗಳಲ್ಲಿ ಐವತ್ತನ್ನು ಆಯ್ದು ಇಡೀ ಊರನ್ನು ಅಂದಾಜು ಮಾಡುವಾಗ ಚದುರುವಿಕೆ ಕಡಿಮೆ ಕಾಣುವ ಅಪಾಯವಿರುತ್ತದೆ; ಅದಕ್ಕೇ ವಿಚಲನೆಗಳ (ಸರಾಸರಿಯಿಂದ ಇರುವ ಅಂತರಗಳ) ವರ್ಗಗಳ ಮೊತ್ತವನ್ನು 50ರ ಬದಲು 49ರಿಂದ ಭಾಗಿಸಿ ಅಂಕಿಯನ್ನು ಚೂರು ಹಿಗ್ಗಿಸುತ್ತಾರೆ. ನಾವು ಯಾರನ್ನೂ ಆಯ್ದಿಲ್ಲವಲ್ಲ! ಹಾಜರಿ ಪುಸ್ತಕದಲ್ಲಿರುವ ಅಷ್ಟೂ ಮಕ್ಕಳ ಅಂಕ ತುಂಬಿದ್ದೇವೆ. ಇಲ್ಲಿ ಬೇಕಾದದ್ದು ಎಸ್‌ಟಿಡೆವ್.ಪಿ, ಎಷ್ಟು ಮಕ್ಕಳೋ ಅಷ್ಟರಿಂದಲೇ ಭಾಗ.

ನನ್ನ ನಾಲ್ಕನೇ ತರಗತಿಯಲ್ಲಿ ಆರೇ ಮಕ್ಕಳು. 25ಕ್ಕೆ ಬಂದ ಅಂಕಗಳು 12, 14, 15, 15, 16, 18. ಸರಾಸರಿ 15, ವಿಚಲನೆಗಳ ವರ್ಗಗಳ ಮೊತ್ತ 20. ಆರರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.83. ನಮೂನೆ ಐದರಿಂದ ಭಾಗಿಸಿ 2 ಎನ್ನುತ್ತದೆ, ಅಂದರೆ ಶೇ 9.5ರಷ್ಟು ಹೆಚ್ಚು. ಪೇಟೆಯ ಶಾಲೆಯಲ್ಲಿ ಅರವತ್ತು ಮಕ್ಕಳಿದ್ದರೆ ಇದೇ ವ್ಯತ್ಯಾಸ ಶೇ 1ನ್ನೂ ಮುಟ್ಟುವುದಿಲ್ಲ. ಏಟು ಬೀಳುವುದು ಮಲೆನಾಡಿನ ನಮ್ಮಂಥ ಸಣ್ಣ ಶಾಲೆಗಳಿಗೆ ಮಾತ್ರ, ಆಮೇಲೆ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುತ್ತಾರೆ. ನೆರೆಶಾಲೆಯ ಎರಡನೇ ತರಗತಿಯಲ್ಲಿ ಇರುವವಳು ಒಬ್ಬಳೇ ಹುಡುಗಿ. ಒಂದರಲ್ಲಿ ಒಂದು ಕಳೆದು ಸೊನ್ನೆಯಿಂದ ಭಾಗಿಸಹೊರಟ ಎಕ್ಸೆಲ್ ‘ಡಿವ್/0’ ಎಂದಿತು. ‘ಸರಿಯಾಗಿ ತುಂಬಿ ಕಳಿಸಿ’ ಎಂದು ನಮೂನೆ ವಾಪಸ್ ಬಂತು. ಪಾಪ, ಆ ಮೇಷ್ಟ್ರು ಸರಿಯಾಗಿಯೇ ತುಂಬಿದ್ದರು.

‘ಈ ವರ್ಷದ ಮಕ್ಕಳು ಮುಂದಿನ ವರ್ಷದವರಿಗೂ ಮಾದರಿಯೇ ಅಲ್ಲವೇ?’ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಹಾಗೆ ಮುಂದಿನದನ್ನು ಊಹಿಸುವುದಾದರೆ ಎಸ್ ಇರಲಿ. ಆದರೆ ನಮೂನೆಯ ತಲೆಬರಹದಲ್ಲಿ ಇರುವುದು ‘ಪ್ರಸಕ್ತ ಸಾಲಿನ ತರಗತಿವಾರು ಸಾಧನೆ’ ಎಂದು.

ಪಿ, ಎಸ್ ಎಂಬ ಈ ಎರಡು ಹೆಸರು ಬಂದದ್ದು ಎಕ್ಸೆಲ್ 2010ರಲ್ಲಿ. ಅದಕ್ಕೂ ಹಳೆಯ ಕಂಪ್ಯೂಟರ್ ಇರುವ ಕಡೆ ಚುಕ್ಕೆಯಿಲ್ಲದ ಎಸ್‌ಟಿಡೆವ್‌ಪಿ ಸಾಕು. ಇನ್ನೊಂದು ವಿಷಯ: ಗೈರಾದ ಮಗುವಿನ ಎದುರು ‘ಗೈರು’ ಎಂದು ಬರೆದರೆ ಸೂತ್ರ ಅದನ್ನು ಬಿಟ್ಟು ಲೆಕ್ಕ ಮಾಡುತ್ತದೆ, ಸೊನ್ನೆ ಹಾಕಿದರೆ ಅಂಕವೆಂದೇ ಹಿಡಿಯುತ್ತದೆ. ಸೊನ್ನೆ ಹಾಕಿ ಎಂಬ ಈಗಿನ ಸೂಚನೆಯೂ ಹೋಗಬೇಕು.

ಸೂತ್ರದ ಕೋಶಗಳಿಗೆ ಪಾಸ್‌ವರ್ಡ್ ಹಾಕಿರುವುದರಿಂದ ನಾವು ತಿದ್ದುವಂತಿಲ್ಲ. ನಮೂನೆ ಸಿದ್ಧಪಡಿಸುವವರು ಮುಂದಿನ ಪರೀಕ್ಷೆಯ ಕಡತ ಕಳಿಸುವ ಮೊದಲು =ಎಸ್‌ಟಿಡೆವ್.ಪಿ(ಸಿ4:ಸಿ9) ಎಂದು ಬದಲಿಸಿ, ಕಳೆದ ಪರೀಕ್ಷೆಯ ಪಟ್ಟಿಯನ್ನೂ ಮರುಲೆಕ್ಕ ಹಾಕಿಸಲಿ.

– ಒಬ್ಬ ಸಹಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು