ಕೌದಿ ಹೊಲಿಯುತ್ತ ಪುಸ್ತಕ ಓದಿದೆವು

ಮಾನ್ಯ ಸಂಪಾದಕರೇ,

ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಮೇಲೆ ನಮ್ಮೂರು. ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಿಂದ ನಮ್ಮ ಓಣಿಯ ಏಳೆಂಟು ಹೆಂಗಸರು ಭಾನುವಾರ ಇಳಿಹೊತ್ತಿಗೆ ಗುಡಿ ಕಟ್ಟೆಯ ಬೇವಿನ ನೆರಳಲ್ಲಿ ಕೂತು ಕೌದಿ ಹೊಲಿಯುತ್ತೇವೆ. ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ಇದನ್ನು ನೋಡಿ, ಊರಿಗೆ ಬಂದಾಗಲೆಲ್ಲ ಪುಸ್ತಕ ತಂದು ಗಟ್ಟಿಯಾಗಿ ಓದಲು ಶುರು ಮಾಡಿದಳು. ಮೊದಲು ಓದಿದ್ದು ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’. ಆಮೇಲೆ ತನ್ನ ಕಾಲೇಜಿನ ಪುಸ್ತಕದಲ್ಲಿದ್ದ ಹವಾಮಾನದ ಪಾಠ.

ಆ ಪಾಠದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರ್ಖಾನೆಗಳು ಬರುವ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಾಲು ಇತ್ತಂತೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಸುಟ್ಟು ಈಗ ಅದು 420 ದಾಟಿದೆ. ಯಾರ ತಲೆಗೂ ಹೋಗಲಿಲ್ಲ. ಹತ್ತು ಲಕ್ಷದಾಗ ನಾಕುನೂರು ಅಂದ್ರ ಚಿಟಿಕೆ ಉಪ್ಪೂ ಅಲ್ಲ, ಅದರಿಂದೇನಾಗ್ತದ ಅಂತ ಒಬ್ಬರು ಕೇಳಿಯೇಬಿಟ್ಟರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಮುಂದಿದ್ದ ಕೌದಿಯ ಅಂಚು ಹಿಡಿದು, ‘ದೊಡ್ಡವ್ವ, ಭೂಮಿಗೆ ಆ ಗಾಳಿ ಇದರಂಗ ನೋಡು’ ಅಂದಳು. ಕೌದಿ ತಾನೇ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಹೊರಗೆ ಹೋಗದಂತೆ ಹಿಡಿಯುತ್ತದೆ. ಹೊದಿಕೆಯೇ ಇರದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಆದರೆ 280 ಇದ್ದದ್ದು 420 ಆಯಿತು ಅಂದರೆ, ಒಂದಿದ್ದದ್ದು ಒಂದೂವರೆ ಆಯಿತು. ಹಳೆ ಸೀರೆ ಒಂದು ಪದರ ಜಾಸ್ತಿ ಇಟ್ಟರೆ ಕೌದಿ ಎಷ್ಟು ಕಾಯುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅವತ್ತು ಎಲ್ಲರೂ ಸೂಜಿ ಬಿಟ್ಟು ಕೇಳಿದರು.

ಇನ್ನೊಂದು ವಾರ ಅವಳು ಕಾದಂಬರಿಕಾರ ಅಮಿತಾವ್ ಘೋಷ್ ಅವರ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಇಂಗ್ಲಿಷಿನಲ್ಲಿ ಓದಿಕೊಂಡು ಬಂದು ನಮಗೆ ಕನ್ನಡದಲ್ಲಿ ಹೇಳಿದಳು. 2016ರ ಪುಸ್ತಕ. ಘೋಷ್ ದೆಹಲಿಯಲ್ಲಿ ಓದುತ್ತಿದ್ದಾಗ, 1978ರ ಮಾರ್ಚ್ 17ರಂದು, ಸುಂಟರಗಾಳಿಗೆ ಸಿಕ್ಕಿ ಉಳಿದುಕೊಂಡವರು. ಮುಂದೆ ಅದನ್ನು ಕಾದಂಬರಿಯೊಳಗೆ ತರಲು ನೋಡಿದರೆ ಆಗಲೇ ಇಲ್ಲ. ಕಣ್ಣಾರೆ ಕಂಡದ್ದೂ ಕಾದಂಬರಿಯಲ್ಲಿ ನಂಬುವ ಹಾಗೆ ಕಾಣುವುದಿಲ್ಲ. ಹೀಗೆ ನಂಬಲಾಗದ್ದನ್ನೆಲ್ಲ ಹೊರಗಿಟ್ಟದ್ದರಿಂದಲೇ ಹವಾಮಾನದ ಬಿಕ್ಕಟ್ಟು ನಮ್ಮ ಕಥೆಗಳಿಗೆ ಸರಿಯಾಗಿ ಬರಲಿಲ್ಲ ಅನ್ನುತ್ತಾರೆ ಅವರು.

ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ಹಿರಿಯ ಆಯಿ ಒಬ್ಬರು ಆಗ ಬಾಯಿ ಬಿಟ್ಟರು. ‘ಖರೇ ಅದ ಯವ್ವಾ. ಚಿತ್ತಿ ಮಳ್ಯಾಗ ಹೊಳಿ ಮನಿ ಹೊಕ್ಕಿತು ಅಂದ್ರ ನಮ್ಮಪ್ಪ ನಂಬ್ತಿದ್ನೇನು?’

ಅದು 2020ರ ಅಕ್ಟೋಬರ್ ಮಾತು. ಜೋರು ಮಳೆ ಆಗಿತ್ತು, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಸೊನ್ನ ಬ್ಯಾರೇಜ್ ದಾಟಿ ಭೀಮೆ ದಂಡೆಯ ಊರುಗಳಿಗೆ ನುಗ್ಗಿದಳು. ನಾವು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಮೂರು ಎಕರೆ ಹೊಲದ ತೊಗರಿ ಇನ್ನೇನು ಹೂವಿಗೆ ಬರುವುದರಲ್ಲಿತ್ತು. ತೊಗರಿ ಬರ ತಡೆಯುತ್ತದೆ, ಬೇರಿನಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಎರೆ ಮಣ್ಣು ಬೇಗ ನೀರು ಬಿಡುವುದೂ ಇಲ್ಲ. ಹೊಳೆ ಇಳಿದ ಮೇಲೆ ಹೋಗಿ ಒಂದು ಗಿಡ ಎಳೆದೆ. ಸುಮ್ನೆ ಕೈಗೆ ಬಂತು. ಬೇರಿನ ಸಿಪ್ಪೆ ಕರ್ರಗಾಗಿ, ಜಾರಿ, ಬೆರಳಿಗೆ ಅಂಟಿಕೊಂಡಿತು. ಆ ವಾಸನೆ ಇನ್ನೂ ಮರೆತಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಅದಕ್ಕೇ ಸುರಿದಾಗ ಒಮ್ಮೆಲೇ ಸುರಿಯುತ್ತದೆ ಅಂತ ಹುಡುಗಿ ಹೇಳಿದಳು. ಹಾಗಂತ ಆ ಪ್ರವಾಹದ ತಪ್ಪನ್ನೆಲ್ಲ ಆಕಾಶದ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಣೆಕಟ್ಟಿನಿಂದ ಯಾವಾಗ, ಎಷ್ಟು ನೀರು ಬಿಡುತ್ತಾರೆ ಅನ್ನುವುದೂ ಅದರಲ್ಲಿದೆ. ಕಟ್ಟೆಯ ಮೇಲೆ ಅವತ್ತು ಇದೇ ಜಗಳ ಕತ್ತಲಾಗುವ ತನಕ ನಡೆಯಿತು. ಅಷ್ಟು ವರ್ಷ ಆ ನೀರಿನ ಬಗ್ಗೆ ‘ನಮ್ಮ ಹಣೆಬರಹ’ ಅಂತ ಬಿಟ್ಟರೆ ಬೇರೇನೂ ಮಾತಾಡದ ಹೆಂಗಸರು ಇವರು.

ಈ ಪತ್ರ ಬರೆಯುತ್ತಿರುವುದು ಒಂದು ಬೇಡಿಕೆ ಇಟ್ಟುಕೊಂಡು. ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಅನ್ನುವ ಗ್ರಂಥಾಲಯಗಳಿವೆ. ನಮ್ಮೂರಿಗೆ ಹತ್ತಿರದ ಒಂದರಲ್ಲಿ ಹೋಗಿ ಹುಡುಕಿದೆ. ಪರೀಕ್ಷೆಯ ಗೈಡುಗಳು ಕಪಾಟು ತುಂಬ ಇದ್ದವು. ಬೇಡ ಅನ್ನುವುದಿಲ್ಲ, ಮಕ್ಕಳಿಗೆ ನೌಕರಿ ಬೇಕು. ಆದರೆ ಮಳೆ, ಬಿಸಿಲು, ನೆಲದ ಬಗ್ಗೆ ಒಂದು ಪುಸ್ತಕ ಸಿಗಲಿಲ್ಲ. ದಪ್ಪ ಅಕ್ಷರದ, ಗಟ್ಟಿಯಾಗಿ ಓದಿದರೆ ಓದು ಬಾರದವರಿಗೂ ತಿಳಿಯುವಂಥ ಹತ್ತು ಪುಸ್ತಕ ಪ್ರತಿ ಕೇಂದ್ರಕ್ಕೂ ಸರ್ಕಾರ ಕೊಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಅಂಜಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ಕೂಲಿಗೆ ಹೋಗುವವರಿಗೆ ಓದಲು ಸಿಗುವುದು ಸಂಜೆ ಮಾತ್ರ. ಆ ಎರಡು ತಿಂಗಳಾದರೂ ಕೇಂದ್ರಗಳು ಸಂಜೆ ತೆರೆದಿರಲಿ, ವಾರಕ್ಕೊಂದು ದಿನ ಯಾರಾದರೂ ಜೋರಾಗಿ ಓದಲಿ, ಉಳಿದವರು ಮಾತಾಡಲಿ.

ನಿಮ್ಮಲ್ಲೂ ಒಂದು ಕೇಳಿಕೆ. ಹಿಮ ಕರಗುವ ಸುದ್ದಿ ಬರಲಿ, ಜೊತೆಗೆ ತೊಗರಿ, ಬಿಳಿಜೋಳ, ಭೀಮೆಯ ಬಗ್ಗೆಯೂ ವಾರಕ್ಕೆ ಅರ್ಧ ಪುಟ ಬರಲಿ. ನಾವು ಕತ್ತರಿಸಿ ಕಟ್ಟೆಗೆ ಒಯ್ಯುತ್ತೇವೆ.

ನಾವೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂತ ಹಿರಿಯರು ಹೇಳುತ್ತಿದ್ದರು. ಈಗ ರೋಹಿಣಿ ಬಂತೋ ಇಲ್ಲವೋ, ಬಿತ್ತಿದ್ದು ಯಾವ ಮಳೆಗೆ, ಹೊಳೆ ಎಲ್ಲಿಯ ತನಕ ಏರಿತು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತೇವೆ. ಮೊದಲ ಪುಟದಲ್ಲಿ ಆ ಆಯಿ ಹೇಳಿ ಬರೆಸಿದ್ದಿದೆ: 2020ರಲ್ಲಿ ಗುಡಿಯ ಯಾವ ಮೆಟ್ಟಿಲಿನ ತನಕ ನೀರು ನಿಂತಿತ್ತು ಅಂತ. ಬೇಕಾದರೆ ಆ ಪುಟದ ಫೋಟೊ ತೆಗೆಸಿ ಕಳಿಸುತ್ತೇನೆ.

ಇಂತಿ,
ಒಬ್ಬ ಹೊಲಿಗೆ ಕೆಲಸದವಳು,
ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ