ಮುಂಗಾರಿನಿಂದ ಪೂರ್ತಿ ಕಳಿತ ಗೊಬ್ಬರ ಮಾತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ಮುಂಗಾರಿನಿಂದ ನಮ್ಮ ಸಂಘದಲ್ಲಿ ಅರ್ಧ ಕಳಿತ ಗೊಬ್ಬರ ಸಿಗುವುದಿಲ್ಲ. ಪೂರ್ತಿ ಕಳಿತು, ಜರಡಿ ಹಿಡಿದದ್ದನ್ನಷ್ಟೇ ಕೊಡುತ್ತೇವೆ. ಚೀಲದ ಬೆಲೆ ಹಳೆಯದೇ. ಆದರೆ ಇನ್ನು ಚೀಲಕ್ಕೆ 50 ಕೆಜಿ ಅಲ್ಲ, 40 ಕೆಜಿ. ಅಂದರೆ ಕೆಜಿ ಲೆಕ್ಕದಲ್ಲಿ ದರ ಜಾಸ್ತಿಯಾಗಿದೆ. ಯಾಕೆ ಅಂತ ನಿಮಗೆ ಹೇಳಲೇಬೇಕು.

ಹೊಲಕ್ಕೆ ಒಯ್ಯುವ ರೈತರು ಬೇಸಿಗೆಯಲ್ಲೇ ಗೊಬ್ಬರ ಚೆಲ್ಲುತ್ತಾರೆ. ಮೊದಲ ಮಳೆ ಬಿದ್ದು ಬಿತ್ತನೆ ಆಗುವಷ್ಟರಲ್ಲಿ ಉಳಿದದ್ದು ಮಣ್ಣಲ್ಲೇ ಕಳಿಯುತ್ತದೆ. ಆದರೆ ಈಗ ಚಿತ್ರದುರ್ಗದಲ್ಲಿ ಹಿತ್ತಲಿಗೆ, ತಾರಸಿಗೆ, ಕುಂಡಕ್ಕೆ ಒಯ್ಯುವವರೇ ಹೆಚ್ಚು. ಇವತ್ತು ಗೊಬ್ಬರ ಹಾಕಿ ನಾಳೆ ಮೆಣಸಿನ ಸಸಿ ನೆಡುತ್ತಾರೆ. ಅಲ್ಲಿ ಅರ್ಧ ಕಳಿತದ್ದು ನಡೆಯುವುದಿಲ್ಲ. ಗೊಬ್ಬರದಲ್ಲಿರುವ ಶೇಂಗಾ ಸಿಪ್ಪೆ, ಮೆಕ್ಕೆಜೋಳದ ದಂಟು ಇನ್ನೂ ಕೊಳೆಯುತ್ತಿದ್ದರೆ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ. ಗಿಡ ಹಳದಿ ತಿರುಗುತ್ತದೆ. ಸಗಣಿ ಹಸಿಯಾಗಿದ್ದರೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಬರುತ್ತದೆ. ಅರ್ಧ ಕಳಿತದ್ದಕ್ಕೆ ಗೆದ್ದಲೂ ಹತ್ತುತ್ತದೆ, ನಮ್ಮ ಕಡೆ ಅದರ ಕಾಟ ನಿಮಗೇ ಗೊತ್ತು.

ಗೊಬ್ಬರದ ರಾಶಿ ಮೊದಲು 55ರಿಂದ 65 ಡಿಗ್ರಿವರೆಗೆ ಕಾಯುತ್ತದೆ. ಕಳೆಬೀಜ ಸಾಯುವುದು ಆ ಕಾವಿನಲ್ಲೇ. ತಣ್ಣಗಾದ ಮೇಲೂ ಅದನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಕು. ಅಷ್ಟರಲ್ಲಿ ರಾಶಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಜಾಗ, ಕಾಯುವ ಸಮಯ, ಜರಡಿ ಕೂಲಿ ಎಲ್ಲ ಸೇರಿ ಈ ದರ ಬಂದಿದೆ.

ನೀವೇ ಪರೀಕ್ಷೆ ಮಾಡಿ ನೋಡಿ. ಒಂದು ಹಿಡಿ ಗೊಬ್ಬರ ಒದ್ದೆ ಮಾಡಿ ಕವರಿಗೆ ಹಾಕಿ ಗಟ್ಟಿಯಾಗಿ ಕಟ್ಟಿಡಿ. ಮೂರ್ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ಅಥವಾ ಗಂಜಲದ ಘಾಟು ಬಂದರೆ ಚೀಲ ವಾಪಸ್ ತನ್ನಿ, ಬದಲಿಸಿ ಕೊಡುತ್ತೇವೆ.

ನಮ್ಮ ಕೆಂಪು ಮಣ್ಣು ಮಳೆ ನಿಂತು ಒಣಗಿದರೆ ಮೇಲ್ಗಡೆ ಗಟ್ಟಿ ಪದರ ಕಟ್ಟುತ್ತದೆ, ಮುಂದಿನ ನೀರು ಸುಮ್ನೆ ಹರಿದುಹೋಗುತ್ತದೆ. ಮಡಿ ಮೇಲೆ ಒಂದೆರಡು ಇಂಚು ಗೊಬ್ಬರ ಹರಡಿ, ಅರ್ಧ ಅಡಿ ಆಳದವರೆಗೆ ಬೆರೆಸಿ. ನೀರು ಇಂಗುತ್ತದೆ, ತೇವ ನಿಲ್ಲುತ್ತದೆ. ಹಿರಿಯೂರು ಕಡೆಯ ಎರೆಮಣ್ಣಿಗೂ ಇದು ಒಳ್ಳೆಯದು, ಅಂಟು ಕಡಿಮೆಯಾಗಿ ಬೇರಿಗೆ ಗಾಳಿ ಸಿಗುತ್ತದೆ. ಕುಂಡವಾದರೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಕಾಂಡಕ್ಕೆ ತಾಗುವ ಹಾಗೆ ಗುಡ್ಡೆ ಮಾತ್ರ ಹಾಕಬೇಡಿ.

ಅವಸರ ಮಾಡಿದರೆ ಗೊಬ್ಬರ ಕಳಿಯುವುದಿಲ್ಲ, ಅಲ್ವಾ? ಆದ್ದರಿಂದ ಬೇಕಾದಾಗ ಬೇಕಾದಷ್ಟು ಕೊಡಲು ಆಗುವುದಿಲ್ಲ. ಮುಂಗಾರಿಗೆ ಬೇಕಾದವರು ಯುಗಾದಿಯೊಳಗೆ ಹೆಸರು ಬರೆಸಿ. ಬರೆಸಿದ ಸರದಿಯಲ್ಲೇ ಚೀಲ ಕೊಡುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ, ಸಂಘದ ಪರವಾಗಿ
ಚಿತ್ರದುರ್ಗ