ಕಿರುಚುವವರಿಗಿಂತ ಬರೆದುಕೊಳ್ಳುವವರ ಭಯ

ಪ್ರಿಯ ಮಂಜುನಾಥ,

ಅಮೆರಿಕದ ಸೇಲಂ ಊರಿನ ಮಾಟದ ವಿಚಾರಣೆಗಳ ಮೇಲೆ ಆರ್ಥರ್ ಮಿಲ್ಲರ್ ಬರೆದ ನಾಟಕ ‘ದಿ ಕ್ರೂಸಿಬಲ್’ ಓದಿ ಮುಗಿಸಿದ ರಭಸದಲ್ಲೇ ನೀನು ಬರೆದ ಪತ್ರ ಸೇರಿತು. ಹುಡುಗಿಯರು ಕಿರುಚಿ ಬೀಳುವ ದೃಶ್ಯಗಳೇ ನಾಟಕದ ಜೀವಾಳ, ಸಮೂಹ ಸನ್ನಿಯ ಮೇಲೆಯೇ ಪ್ರಬಂಧ ಬರೆಯುತ್ತೇನೆ ಎಂದಿದ್ದೀಯ. ಬರೆ, ಬೇಡವೆನ್ನುವುದಿಲ್ಲ. ಆದರೆ ನನ್ನದೊಂದು ತಕರಾರಿದೆ. ಕಿರುಚುವವರಿಗಿಂತ ತಣ್ಣಗೆ ಕುಳಿತು ಬರೆದುಕೊಳ್ಳುವವರನ್ನು ಕಂಡರೆ ನನಗೆ ಹೆಚ್ಚು ಭಯ.

ವಿಚಾರಣೆ ನಡೆಸುವ ಉಪಗವರ್ನರ್ ಡ್ಯಾನ್‌ಫೋರ್ತ್‌ನ ತರ್ಕವನ್ನು ಮತ್ತೊಮ್ಮೆ ಓದು. ಮಾಟ ಕಣ್ಣಿಗೆ ಕಾಣದ ಅಪರಾಧ. ಅದಕ್ಕೆ ಸಾಕ್ಷಿಗಳೆಂದರೆ ಮಾಟ ಮಾಡಿದವಳು ಮತ್ತು ಅದರಿಂದ ನರಳುವವಳು ಮಾತ್ರ. ಮಾಡಿದವಳು ತಾನಾಗಿ ಬಾಯಿ ಬಿಡುವುದಿಲ್ಲ, ಹಾಗಾಗಿ ನರಳುವವಳ ಮಾತೇ ಪ್ರಮಾಣ. ಇಷ್ಟನ್ನು ಒಪ್ಪಿದ ಮೇಲೆ ವಕೀಲನಿಗೆ ಅಲ್ಲಿ ಏನು ಕೆಲಸ? ಆರೋಪಕ್ಕೊಳಗಾದ ಹೆಂಗಸರು ಒಳ್ಳೆಯವರೆಂದು 91 ಜನ ರುಜು ಹಾಕಿದ ಅರ್ಜಿ ಬಂದರೆ, ಆ 91 ಜನರನ್ನೂ ವಿಚಾರಣೆಗೆ ಕರೆತರಲು ವಾರಂಟ್ ಹೊರಡುತ್ತದೆ! ಇಷ್ಟಕ್ಕೆ ಯಾರಿಗೂ ಸನ್ನಿ ಹಿಡಿಯಬೇಕಾಗಿಲ್ಲ.

1692ರ ನಿಜವಾದ ಸೇಲಂನಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ತಪ್ಪೊಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರು ಉಳಿದರು. ತಾವು ನಿರಪರಾಧಿಗಳೆಂದವರಲ್ಲಿ 19 ಮಂದಿ ನೇಣಿಗೇರಿದರು. ಮುದುಕ ಜೈಲ್ಸ್ ಕೋರಿ ವಿಚಾರಣೆಗೇ ಒಪ್ಪಲಿಲ್ಲವೆಂದು ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು.

ಮಿಲ್ಲರ್ ಇತಿಹಾಸವನ್ನು ತಿದ್ದಿದ್ದಾನೆ ಎಂದು ನಿನ್ನ ಮೇಷ್ಟರು ಹೇಳಿದ್ದು ಸರಿಯೇ. ನಾಟಕದಲ್ಲಿ ಕಿರುಚುವ ಹುಡುಗಿಯರ ಮುಂದಾಳು ಅಬಿಗೇಲ್, ಅವಳೊಡನೆ ಸಂಬಂಧವಿದ್ದ ರೈತ ಪ್ರಾಕ್ಟರ್. ನಿಜದ ಅಬಿಗೇಲ್ ಹನ್ನೊಂದು ಹನ್ನೆರಡರ ಹುಡುಗಿ, ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಅವರಿಬ್ಬರ ಸಂಬಂಧ ನಾಟಕಕಾರನ ಸೃಷ್ಟಿ, ಮತ್ತು ಅದು ನನಗೆ ಅಷ್ಟಾಗಿ ಹಿಡಿಸಿಲ್ಲ. ನೆರೆಹೊರೆಯವರ ಜಮೀನಿನ ಜಗಳ, ಹಳೆಯ ದ್ವೇಷ ಎಲ್ಲವೂ ಅದರ ಮುಂದೆ ಮಂಕಾಗುತ್ತವೆ. ಆದರೆ ಅದಿಲ್ಲದಿದ್ದರೆ ಮೂರನೆಯ ಅಂಕದಲ್ಲಿ ಪ್ರಾಕ್ಟರ್‌ನ ಹೆಂಡತಿ ಎಲಿಜಬೆತ್‌ಳ ಸುಳ್ಳು ಎಲ್ಲಿಂದ ಬರಬೇಕಿತ್ತು? ಎಂದೂ ಸುಳ್ಳಾಡದವಳು ಗಂಡನ ಮಾನ ಉಳಿಸಲು ಒಂದೇ ಒಂದು ಸುಳ್ಳು ಹೇಳುತ್ತಾಳೆ. ಅವನು ಆಗಲೇ ಆ ಸಂಬಂಧವನ್ನು ಒಪ್ಪಿಕೊಂಡಿದ್ದಾನೆಂಬುದು ಪಾಪ ಅವಳಿಗೆ ಗೊತ್ತಿಲ್ಲ. ಆ ಒಂದು ದೃಶ್ಯಕ್ಕಾಗಿ ಉಳಿದದ್ದನ್ನೆಲ್ಲ ಮನ್ನಿಸಿದ್ದೇನೆ.

ಕೊನೆಯ ಅಂಕದಲ್ಲಿ, ತಾನೇ ಮಾಟದ ಆರೋಪಕ್ಕೊಳಗಾದ ಪ್ರಾಕ್ಟರ್ ತಪ್ಪೊಪ್ಪಿಕೊಳ್ಳಲು ಕುಳಿತಾಗ, ಬರೆದುಕೊಳ್ಳುವ ಚೀವರ್‌ಗೆ ಅನುಕೂಲವಾಗಲಿ, ನಿಧಾನವಾಗಿ ಹೇಳು ಎನ್ನುತ್ತಾನೆ ಡ್ಯಾನ್‌ಫೋರ್ತ್. ಎಂಥ ಸೌಜನ್ಯ ನೋಡು! ಆಮೇಲೆ, ಸೈತಾನನ ಜೊತೆ ಇನ್ನಾರನ್ನು ಕಂಡೆ ಎಂಬ ಪ್ರಶ್ನೆ. ಆರೋಪಕ್ಕೊಳಗಾದ ಮುದುಕಿ ರೆಬೆಕಾ ನರ್ಸ್‌ಗೆ ಶಿಕ್ಷೆ ಆಗಲೇ ತೀರ್ಮಾನವಾಗಿದೆ. ಆದರೂ ಅವಳ ಹೆಸರು ಪ್ರಾಕ್ಟರ್‌ನ ಬಾಯಿಂದಲೇ ಬರಬೇಕು. ಮಿಲ್ಲರ್‌ನ ಕಾಲದ ಅಮೆರಿಕದಲ್ಲೂ ಹೀಗೇ ಹೆಸರು ಕೇಳುತ್ತಿದ್ದರು. 1952ರಲ್ಲಿ ಮಿಲ್ಲರ್‌ನ ಗೆಳೆಯ, ನಿರ್ದೇಶಕ ಎಲಿಯಾ ಕಜಾನ್, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸದೀಯ ಸಮಿತಿಯ ಮುಂದೆ ಹಳೆಯ ಸಂಗಾತಿಗಳ ಹೆಸರು ಹೇಳಿದ್ದ. ಮರುವರ್ಷದ ಜನವರಿಯಲ್ಲಿ ಈ ನಾಟಕ ನ್ಯೂಯಾರ್ಕ್‌ನಲ್ಲಿ ರಂಗಕ್ಕೆ ಬಂತು. 1956ರಲ್ಲಿ ಅದೇ ಸಮಿತಿ ಮಿಲ್ಲರ್‌ನನ್ನೂ ಕರೆಸಿತು. ತನ್ನ ವಿಷಯ ಹೇಳಿದ, ಬೇರೆಯವರ ಹೆಸರು ಹೇಳಲಿಲ್ಲ. ಸಮಿತಿಗೆ ಅವಿಧೇಯತೆ ತೋರಿದನೆಂದು ಶಿಕ್ಷೆಯಾಯಿತು. 1958ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು.

ಪ್ರಬಂಧಕ್ಕೆ ಕೂರುವ ಮೊದಲು ಮೂರನೆಯ ಅಂಕವನ್ನು ಜೋರಾಗಿ ಓದಬೇಕು, ಒಬ್ಬನೇ ಓದಿದರೆ ಆಗದು. ಭಾನುವಾರ ಮನೆಗೆ ಬಾ. ಡ್ಯಾನ್‌ಫೋರ್ತ್‌ನ ಮಾತು ನೀನು ಓದು. ಕಿರುಚುವುದಿದ್ದರೆ ನನ್ನ ಪಾಲಿಗಿರಲಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.

ನಿನ್ನ,
ರಘು